‘ಚೆಲ್ಲಿ’ ಎಂಬ ಮಾತಿಗೊಂದು ಒಪ್ಪೋಲೆ

ಮನೆಯಿಂದ, ಕಿಟಕಿಯ ಪಕ್ಕದ ಮೇಜಿನಿಂದ
ಸೆಪ್ಟೆಂಬರ್ ೧೯, ಗುರುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಮೊದಲು ಕ್ಷಮೆ ಕೇಳಿ ಅನಂತರ ಕುಶಲ ಕೇಳುತ್ತೇನೆ. ಕ್ರಮ ತಪ್ಪಿದ್ದನ್ನೂ ಅದರೊಡನೆ ಸೇರಿಸಿ ಕ್ಷಮಿಸು. ಜುಲೈ ೨೮ರ ನನ್ನ ಪತ್ರದ ಎರಡನೆಯ ಪುಟದಲ್ಲಿ ‘ಮೂತ್ರ ಪಿಂಡ’ ಎಂದು ಬಿಡಿಸಿ ಬರೆದಿದ್ದೇನೆ. ಅದು ಸಮಾಸ, ಕೂಡಿಸಿ ‘ಮೂತ್ರಪಿಂಡ’ ಎಂದೇ ಬರೆಯಬೇಕು. ಪಠ್ಯಪುಸ್ತಕಗಳ ಮುದ್ರಣಾಲಯದಲ್ಲಿ ನಲವತ್ತೊಂದು ವರ್ಷ ಕರಡು ತಿದ್ದಿದವನ ಕೈಯಿಂದ ಇಂಥದ್ದು ಆಗಬಾರದಿತ್ತು. ಈ ತಪ್ಪಿಗಾಗಿ ನಾಲ್ಕು ದಿನಗಳಿಂದ ಕ್ಷಮಾಪಣೆಯ ಪತ್ರ ಬರೆಯುವುದು, ಹರಿಯುವುದು ನಡೆದಿದೆ. ದೊಡ್ಡ ತಪ್ಪನ್ನು ಹೇಳಲಾರದವನು ಚಿಕ್ಕ ತಪ್ಪಿನ ಬೆನ್ನು ಹತ್ತುತ್ತಾನೆ ಎಂಬುದು ನಿನಗೆ ತಿಳಿಯದ್ದಲ್ಲ. ಆ ವಾಕ್ಯವನ್ನು ಪೂರ್ತಿಯಾಗಿ ಓದು: ‘ಅಲ್ಪುವಿನ ಮೂತ್ರ ಪಿಂಡಗಳು ನಿರ್ದೋಷವಾಗಿವೆ, ಶಂಕೆಗೆ ಆಸ್ಪದವಿಲ್ಲ, ನೀನು ನಿಶ್ಚಿಂತಳಾಗಿ ಕೆಲಸ ಮುಂದುವರಿಸು.’ ಸಮಾಸ ಒಡೆದದ್ದು ಅಕ್ಷರದೋಷ. ಉಳಿದದ್ದು ಸುಳ್ಳು.

ಗಾಬರಿಯಾಗಬೇಡ. ನಿನ್ನ ಮಗಳು ಈಗ ಶಾಲೆಗೆ ಹೋಗಿದ್ದಾಳೆ; ಹೋಗುವಾಗ ಎರಡು ಜಡೆಯಲ್ಲಿ ಒಂದನ್ನು ಮಾತ್ರ ಹೆಣೆದುಕೊಂಡು, ಇನ್ನೊಂದನ್ನು ಬಸ್ಸಿನಲ್ಲಿ ಹೆಣೆದುಕೊಳ್ಳುತ್ತೇನೆಂದು ಓಡಿದಳು. ನಿನ್ನ ಕೆಮ್ಮು ಹೇಗಿದೆ? ಸುರಂಗದ ಧೂಳಿಗೆ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ದಿನವೂ ಒಗೆಯುತ್ತೀಯಾ? ಅಳಿಯಂದಿರ ಮೊಣಕಾಲು ಇಳಿಜಾರಿನಲ್ಲಿ ಇನ್ನೂ ನೋಯುತ್ತದೆಯೆ? ಗುಡ್ಡವನ್ನು ಎರಡು ಕಡೆಯಿಂದ ಕೊರೆಯುತ್ತ ಬರುವಾಗ ಮೊದಲ ದಿನದ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನಡುವೆ ಸೇರುವಲ್ಲಿ ಆಳುದ್ದ ತಪ್ಪುತ್ತದೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಆ ವಾಕ್ಯವನ್ನು ಓದಿ ‘ಅಳತೆಗಾರ್ತಿಯ ಗದ್ಯವೂ ಅಳತೆಯಲ್ಲಿದೆ’ ಎಂದು ಮೆಚ್ಚಿ, ಎರಡು ಕಡೆ ಅಲ್ಪವಿರಾಮ ಹಾಕಿ ನಿನಗೇ ಹಿಂದಿರುಗಿಸಿದ ಮೂರ್ಖ ನಾನು. ಅದರ ಅರ್ಥ ನನಗೆ ಈಚೆಗೆ ಆಯಿತು.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಅಲ್ಪುವಿನ ಶಾಲೆಗೆ ಆಸ್ಪತ್ರೆಯಿಂದ ಒಬ್ಬ ಸಂಶೋಧಕಿ ಬಂದಿದ್ದರು. ಹದಿನಾಲ್ಕರಿಂದ ಹದಿನಾರರ ವಯಸ್ಸಿನ ಮಕ್ಕಳಲ್ಲಿ ರಕ್ತದೊತ್ತಡ ಏರುವುದನ್ನು ಮೂತ್ರ ನೋಡಿ ಮುಂಚೆಯೇ ಕಂಡುಹಿಡಿಯಲು ಸಾಧ್ಯವೇ ಎಂಬುದು ಅವರ ಅಧ್ಯಯನ. ಎಲ್ಲ ಮಕ್ಕಳ ತೋಳಿಗೆ ಪಟ್ಟಿ ಕಟ್ಟಿ ಅಳೆದು, ಒತ್ತಡ ತುಸು ಹೆಚ್ಚಿದ್ದವರನ್ನೂ ಇಲ್ಲದವರನ್ನೂ ಬೆರೆಸಿ ನಲವತ್ತು ಮಂದಿಯನ್ನು ಆರಿಸಿದರು. ಅಲ್ಪುವಿನದು ಹೆಚ್ಚಿತ್ತು, ಅಷ್ಟನ್ನು ನಿನಗೆ ಆಗಲೇ ಬರೆದಿದ್ದೇನೆ. ಒಬ್ಬೊಬ್ಬರಿಗೂ ಮುಚ್ಚಳವಿರುವ ದೊಡ್ಡ ಕಂದು ಡಬ್ಬಿಯೊಂದನ್ನು ಕೊಟ್ಟು ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಅದರಲ್ಲಿ ಕೂಡಿಸಿ ತರಲು ಹೇಳಿದರು. ಮಕ್ಕಳು ಆಕೆಗೆ ‘ಬಾಟಲಿ ಮೇಡಂ’ ಎಂದು ಹೆಸರಿಟ್ಟರು. ಡಬ್ಬಿ ಬೇರೆ, ಬಾಟಲಿ ಬೇರೆ ಎಂದು ನಾನು ಅಲ್ಪುವಿಗೆ ತಿದ್ದಿದೆ. ಅವಳು, ‘ಡಬ್ಬಿ ಮೇಡಂ ಅಂದ್ರೆ ಅವರು ಬೇಜಾರು ಮಾಡ್ಕೋತಾರೆ ತಾತಾ’ ಎಂದಳು.

ನಾನು ನಿವೃತ್ತ ಕರಡು ತಿದ್ದುವವನೆಂದು ಶಾಲೆಯ ಮುಖ್ಯೋಪಾಧ್ಯಾಯರಿಂದ ತಿಳಿದು ಆಕೆ ಒಂದು ಸಂಜೆ ಮನೆಗೇ ಬಂದರು. ಕೈಯಲ್ಲಿ ಮಕ್ಕಳಿಗೆ ಕೊಡುವ ಸೂಚನಾಪತ್ರದ ಕರಡು. ಒಂದು ಲೋಟ ನೀರನ್ನು ಮೂರು ಗುಟುಕಿನಲ್ಲಿ ಮುಗಿಸಿ, ‘ಕನ್ನಡದಲ್ಲಿ ಬರೆದಿದೀನಿ ಸರ್, ತಪ್ಪಿದ್ರೆ ನೋಡಿ’ ಎಂದರು. ಇಷ್ಟು ಮಂದಿಯಲ್ಲಿ ಒಬ್ಬರಾದರೂ ನೋಡಿ ಎಂದು ಬಂದರಲ್ಲ ಎಂದು ನನ್ನ ಎದೆ ಎರಡು ಅಂಗುಲ ಉಬ್ಬಿತು. ಮೂತ್ರವನ್ನೇ ಏಕೆ ನೋಡಬೇಕು ಎಂದು ಕೇಳಿದೆ. ‘ತೋಳಿಗೆ ಪಟ್ಟಿ ಕಟ್ಟಿದ್ರೆ ಆ ಕ್ಷಣದ್ದು ಗೊತ್ತಾಗತ್ತೆ ಸರ್. ಮಗು ಹೆದರಿದ್ರೂ ಏರತ್ತೆ, ಮೆಟ್ಟಿಲು ಹತ್ತಿ ಬಂದ್ರೂ ಏರತ್ತೆ. ಮೂತ್ರ ಹೆದರಲ್ಲ. ಇಡೀ ದಿನ ಎಷ್ಟು ಉಪ್ಪು ಹೊರಗೆ ಬಂತು, ಮೂತ್ರಪಿಂಡದ ಜರಡಿಯಿಂದ ಪ್ರೋಟೀನು ಏನಾದ್ರೂ ಸೋರ್ತಾ ಇದೆಯಾ, ಎಲ್ಲಾ ಅದೇ ಹೇಳತ್ತೆ. ನಾವು ಅದಕ್ಕೆ ಬಯೋಮಾರ್ಕರ್ ಅಂತೀವಿ’ ಎಂದರು. ನಾನು, ಅಷ್ಟುದ್ದದ ಮಾತೇಕೆ, ನಮ್ಮಲ್ಲಿ ‘ಕುರುಹು’ ಎಂಬ ಮಾತಿಲ್ಲವೆ ಎಂದೆ. ಆಕೆ ಆ ಮಾತನ್ನು ಎರಡು ಸಲ ಬಾಯಲ್ಲಿ ಆಡಿ ನೋಡಿ, ‘ಚೆನ್ನಾಗಿದೆ ಸರ್’ ಎಂದು ಬರೆದುಕೊಂಡರು. ಅಲ್ಲಿಗೆ ನಾನು ಕೆಟ್ಟೆ.

ಆಕೆಯ ಕರಡಿನಲ್ಲಿ ಹೀಗಿತ್ತು: ‘ಬೆಳಗ್ಗೆ ಎದ್ದು ಮೊದಲ ಸಲದ್ದು ಚೆಲ್ಲಿ. ಆಮೇಲಿನದೆಲ್ಲ ಡಬ್ಬಿಗೆ ಹಾಕಿ. ಮರುದಿನ ಬೆಳಗ್ಗೆ ಎದ್ದ ಕೂಡಲೇ ಆಗುವುದನ್ನೂ ಹಾಕಿ. ಸ್ವಲ್ಪ ಚೆಲ್ಲಿದರೂ ನಮಗೆ ತಿಳಿಸಿ, ಬೇರೆ ದಿನ ಮೊದಲಿಂದ ಮಾಡೋಣ.’ ಇದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ನನಗೆ ಮಾತ್ರ ‘ಚೆಲ್ಲಿ’ ಎಂಬುದು ಎಂಜಲು ನೀರು ಎರಚಿದ ಹಾಗೆ ಕೇಳಿಸಿತು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು, ‘ಪ್ರಾತಃಕಾಲದ ಪ್ರಥಮ ಮೂತ್ರವನ್ನು ವರ್ಜಿಸಿ ತದನಂತರದ ಸಮಸ್ತವನ್ನೂ ಸಂಗ್ರಹಿಸತಕ್ಕದ್ದು, ಕಿಂಚಿತ್ ನಷ್ಟವಾದಲ್ಲಿ ಸಂಗ್ರಹವನ್ನು ಪುನರಾರಂಭಿಸತಕ್ಕದ್ದು’ ಎಂದು ಬರೆದೆ. ಆಕೆ ಹಿಂಜರಿದು, ‘ಮಕ್ಕಳಿಗೆ ಅರ್ಥ ಆಗತ್ತಾ ಸರ್?’ ಎಂದರು. ಆಗದಿದ್ದರೆ ಕಲಿಯಲಿ ಎಂದೆ. ಹಾಳೆಯ ಅಡಿಯಲ್ಲಿ ‘ಭಾಷಾ ಪರಿಶೀಲನೆ’ ಎಂದು ನನ್ನ ಹೆಸರು ಅಚ್ಚಾಯಿತು. ಅಲ್ಪು ಅದನ್ನು ಶಾಲೆಯಿಂದ ತಂದು, ‘ತಕ್ಕದ್ದು ತಾತಾ, ನಿಮ್ಮ ಹೆಸರು ಬಂದಿದೆ ನೋಡಿ’ ಎಂದು ನನ್ನ ಮೂತಿಯ ಮುಂದೆ ಹಿಡಿದಳು. ಹುಟ್ಟಿದ ವಾರ ತೊಟ್ಟಿಲಲ್ಲಿ ಮಗ್ಗುಲಾಗಿ ಮುದುಡಿ ಮಲಗಿದ್ದವಳನ್ನು ‘ಅಲ್ಪವಿರಾಮ’ ಎಂದು ಕರೆದವನು ನಾನೇ ಅಲ್ಲವೆ. ಹದಿನೈದು ವರ್ಷದ ಮೇಲೆ ಅವಳು ನನಗೊಂದು ಹೆಸರು ಇಟ್ಟು ಲೆಕ್ಕ ಸರಿಮಾಡಿದಳು.

ಜುಲೈ ೧೪, ಭಾನುವಾರ. ಅಲ್ಪು ಅಂದು ಎಷ್ಟು ಶ್ರದ್ಧೆಯಿಂದ ನಡೆದುಕೊಂಡಳೆಂದು ಹೇಳಿದರೆ ನಿನಗೆ ಹೆಮ್ಮೆಯಾದೀತು. ಡಬ್ಬಿಯನ್ನು ಬಚ್ಚಲಿನ ಮೂಲೆಯಲ್ಲಿ ತಣ್ಣೀರಿನ ಬಕೆಟ್ಟಿನೊಳಗೆ ಇಟ್ಟಿದ್ದಳು. ಪ್ರತಿ ಸಲವೂ ಎಷ್ಟರ ಮಟ್ಟಕ್ಕೆ ಬಂತೆಂದು ಡಬ್ಬಿಯ ಹೊರಮೈಯಲ್ಲಿ ಲೇಖನಿಯಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತನ್ನು ಗುರುತಿಸುತ್ತಿದ್ದಳು, ಅಳತೆಗಾರ್ತಿಯ ಮಗಳಲ್ಲವೆ. ಅವಳು ‘ವರ್ಜಿಸಿ’ಯ ಅರ್ಥ ಬಲ್ಲವಳಾದ್ದರಿಂದ ಮೊದಲಿನದನ್ನು ಸರಿಯಾಗಿಯೇ ಬಿಟ್ಟಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಗೆಳತಿಯ ಮನೆಗೆ ಪುಸ್ತಕ ತರಲು ಹೋಗುವಾಗ, ‘ಒಂದು ಗಂಟೇಲಿ ಬರ್ತೀನಿ, ಅಲ್ಲಿ ಬಚ್ಚಲಿಗೆ ಹೋಗಲ್ಲ, ಪ್ರಮಾಣ’ ಎಂದು ನಗುತ್ತ ಹೋದಳು. ಅವಳು ಹೋದ ಹತ್ತು ನಿಮಿಷಕ್ಕೆ ನಮ್ಮ ಮುದ್ರಣಾಲಯದ ಹಳೆಯ ಸಂಪಾದಕರು ಹೇಳದೆ ಕೇಳದೆ ಬಂದರು. ಕಾಲಿನ ಬೆರಳಿಗೂ ಇಸ್ತ್ರಿ ಹಾಕಿಕೊಂಡು ಬರುವ ಮನುಷ್ಯರು, ನಿನಗೆ ನೆನಪಿದ್ದಾರು. ಕುಳಿತು ಐದು ನಿಮಿಷವಾಗಿಲ್ಲ, ಕೈಕಾಲು ತೊಳೆದುಕೊಳ್ಳಬಹುದೆ ಎಂದು ಕೇಳಿದರು.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಮೂತ್ರ, ಸಂಖ್ಯೆ ೨೩’ ಎಂದು ಚೀಟಿ ಅಂಟಿಸಿತ್ತು. ನಾಚಿಕೆಗೆ ಕಣ್ಣಿಲ್ಲ ಮಗಳೇ. ನಾನು, ಒಂದು ನಿಮಿಷ ಎಂದು ಒಳಗೆ ಧಾವಿಸಿ, ಡಬ್ಬಿಯನ್ನು ಬಕೆಟ್ಟಿನಿಂದ ಎತ್ತಿ ಅಡುಗೆಮನೆಯ ಹಿಂದಿನ ಕೋಣೆಗೆ ಸಾಗಿಸಲು ಹೋದೆ. ಮುಚ್ಚಳ ಓರೆಯಾಗಿ ಕೂತಿತ್ತು, ಹೊರಮೈ ಒದ್ದೆಯಾಗಿತ್ತು. ಬಾಗಿಲ ಹೊಸ್ತಿಲಲ್ಲಿ ಕೈ ಜಾರಿತು. ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಮೇಲಿತ್ತು. ನಷ್ಟವಾಗಲಿಲ್ಲ, ವರ್ಜಿತವಾಗಲಿಲ್ಲ. ಚೆಲ್ಲಿತು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದೂ ಆ ಮಾತೇ: ‘ಅಯ್ಯೋ, ಚೆಲ್ಲಿಹೋಯ್ತು.’ ಹೊರಗಿನಿಂದ ಸಂಪಾದಕರು, ‘ಏನು ಚೆಲ್ಲಿತು, ಹಾಲೋ?’ ಎಂದು ಕೇಳಿದರು. ಹೌದು, ಹಾಲು ಎಂದೆ. ಅಂದಿನ ಮೊದಲ ಸುಳ್ಳು ಅದು.

ಅವರು ಹೋದ ಮೇಲೆ ನೆಲ ಒರೆಸಿ ಡಬ್ಬಿಯ ಮುಂದೆ ಕುಳಿತೆ. ಅಲ್ಪುವಿನ ಗೆರೆಗಳು ಒಂದರ ಮೇಲೊಂದು ಏಣಿಯ ಹಾಗೆ ನಿಂತಿದ್ದವು. ಮೇಲಿನದರ ಪಕ್ಕ ‘ಮಧ್ಯಾಹ್ನ ೩:೪೦’ ಎಂದಿತ್ತು, ಒಳಗಿನದು ಎರಡನೆಯ ಗೆರೆಯ ಕೆಳಗೆ ಇತ್ತು. ಅವಳು ಬಂದ ಕೂಡಲೇ ಕಾಣುತ್ತಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಮುಂದಿನ ಭಾನುವಾರ ಮತ್ತೆ ಮಾಡುತ್ತಿದ್ದಳು, ಅಷ್ಟೆ. ಆದರೆ ಅದಕ್ಕೆ ಕಾರಣ ಬರೆದುಕೊಡಬೇಕಿತ್ತು, ನನ್ನ ಹೆಸರು ಅಚ್ಚಾದ ಹಾಳೆಯ ಮೇಲೆಯೇ, ಆ ಸಂಶೋಧಕಿಗೆ. ನಲ್ಲಿ ತಿರುಗಿಸಿ ಮೇಲಿನ ಗೆರೆಯವರೆಗೆ ನೀರು ತುಂಬಿಸಿದೆ. ಹಾಲಿನವನ ಮೇಲೆ ಎಷ್ಟು ವರ್ಷ ಕೂಗಾಡಿದ್ದೇನೆ, ಮಗಳೇ! ಅವನು ಹಾಲಿಗೆ ನೀರು ಬೆರೆಸಿದ್ದ; ನಾನು ಏನಕ್ಕೆ ಬೆರೆಸಿದೆ ನೋಡು. ಮರುದಿನ ಬೆಳಗ್ಗೆ ಡಬ್ಬಿಯ ಜೊತೆ ಕೊಡಬೇಕಾದ ಅರ್ಜಿಯಲ್ಲಿ ‘ಸಂಗ್ರಹ ಪೂರ್ಣವೆ?’ ಎಂಬಲ್ಲಿ ಪೋಷಕರ ಪರವಾಗಿ ‘ಪೂರ್ಣ’ ಎಂದು ಬರೆದು ಸಹಿ ಮಾಡಿದೆ. ಣಕಾರಕ್ಕೆ ಒತ್ತು ಕೊಡುವ ‘ಪೂರ್ಣ್ಣ’ದ ಹಳೆಯ ಪದ್ಧತಿಯೋ, ಈಗಿನದೋ ಎಂದು ಅರೆನಿಮಿಷ ಯೋಚಿಸಿದ್ದು ನೆನಪಿದೆ. ಆ ಪದ ನಿಜವೋ ಎಂದು ಮಾತ್ರ ಯೋಚಿಸಲಿಲ್ಲ.

ಎರಡು ವಾರಕ್ಕೆ ಮೊದಲ ವರದಿ ಬಂತು: ದಿನವೊಂದಕ್ಕೆ ಉಪ್ಪು ಮಿತಿಯೊಳಗೆ, ಪ್ರೋಟೀನು ಮಿತಿಯೊಳಗೆ. ಬಾರದೆ ಇರುತ್ತದೆಯೆ, ಹಗಲಿನದರಲ್ಲಿ ಅರ್ಧ ನೆಲಕ್ಕೆ ಹೋಗಿತ್ತಲ್ಲ. ನಾನು ನಿನಗೆ ಜುಲೈ ೨೮ರ ಪತ್ರ ಬರೆದೆ. ಬರೆಯುವಾಗ ಆ ವರದಿಯನ್ನು ನಾನೇ ನಂಬತೊಡಗಿದ್ದೆ ಎಂದರೆ ನಂಬುತ್ತೀಯಾ? ಅಚ್ಚಾದದ್ದನ್ನು ನಂಬುವ ಚಾಳಿ ನಮ್ಮ ಕಸುಬಿನವರಿಗೆ ಇದ್ದೇ ಇದೆ. ನೀನು ಆಗಸ್ಟ್ ೯ರಂದು ಉತ್ತರ ಬರೆದೆ: ‘ಇನ್ನೂ ಆರು ತಿಂಗಳ ಕೆಲಸಕ್ಕೆ ಸಹಿ ಹಾಕಿದೆ ಅಪ್ಪಾ. ಮಗೂನ ನೋಡದೆ ಹೇಗಿರಲಿ ಅಂತ ಇದ್ದೆ, ನಿಮ್ಮ ಕಾಗದ ನೋಡಿ ಧೈರ್ಯ ಬಂತು. ನೀವು ಬರೆದ್ರೆ ಸರಿಯಾಗೇ ಇರತ್ತೆ.’ ಆ ಕಾಗದವನ್ನು ನಾನು ಪದಕೋಶದ ಒಳಗೆ ಇಟ್ಟೆ. ಅದಾದ ಮೇಲೆ ಪದಕೋಶವನ್ನು ತೆಗೆದಿಲ್ಲ.

ಇಲ್ಲಿಯವರೆಗಿನದು ಮುದುಕನೊಬ್ಬನ ಹುಚ್ಚುತನ ಎಂದು ನೀನು ನಗಬಹುದು. ಮುಂದಿನದಕ್ಕೆ ನಗಲಾರೆ. ಮೂತ್ರದಲ್ಲಿ ಕ್ರಿಯಾಟಿನಿನ್ ಎಂಬ ವಸ್ತುವೊಂದು ಇರುತ್ತದಂತೆ. (ಇದಕ್ಕೆ ನಾನು ಕನ್ನಡ ಪದ ಹುಡುಕಲಿಲ್ಲ, ಹುಡುಕುವ ಮುಖ ನನಗೆ ಉಳಿದಿರಲಿಲ್ಲ.) ಇಂತಿಷ್ಟು ತೂಕದ ಮಗುವಿಗೆ ದಿನಕ್ಕೆ ಸುಮಾರು ಇಂತಿಷ್ಟು ಬರಬೇಕು ಎಂಬ ಅಂದಾಜಿದೆ, ತೀರ ಕಡಿಮೆ ಬಂದರೆ ಸಂಗ್ರಹ ಅಪೂರ್ಣ ಎಂದು ತಿಳಿಯುತ್ತದೆ. ಎರಡನೆಯ ಸುತ್ತಿನಲ್ಲಿ ಅದನ್ನು ಅಳೆದಾಗ ೨೩ನೆಯ ಡಬ್ಬಿಯದು ಬರಬೇಕಾದುದಕ್ಕಿಂತ ತೀರ ಕಡಿಮೆ. ನೀರಿನ ಪ್ರಮಾಣ ಮಾತ್ರ ಭರ್ತಿ. ನಾನು ನೆಲ ಒರೆಸಿದ್ದೆ, ಗೆರೆ ಮುಟ್ಟಿಸಿದ್ದೆ, ಸಹಿ ಮಾಡಿದ್ದೆ. ಕುರುಹು ಮಾತ್ರ ಒಳಗೇ ಕುಳಿತು ಸಾಕ್ಷಿ ನುಡಿಯಿತು. ಆಗಸ್ಟ್ ೨೦ರಂದು ಸಂಶೋಧಕಿ ಶಾಲೆಗೆ ಬಂದು ಅಲ್ಪುವನ್ನು ಪಕ್ಕಕ್ಕೆ ಕರೆದು, ಬಯ್ಯದೆಯೇ, ‘ನೀರೇನಾದರೂ ಸೇರಿಸಿದ್ಯಾ ಮರಿ? ಹೇಳು, ಪರವಾಗಿಲ್ಲ’ ಎಂದು ಕೇಳಿದರಂತೆ. ಇಲ್ಲವೆಂದಳು. ಪಕ್ಕದ ಬೆಂಚಿಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಇಡೀ ತರಗತಿಗೆ ಅವಳು ‘ನೀರಮ್ಮ’ ಆದಳು.

ಅಂದು ಮನೆಗೆ ಬಂದು ಚೀಲ ಕೆಳಗಿಡದೆ ನನ್ನೆದುರು ನಿಂತು ಹೇಳಿದಳು: ‘ತಾತಾ, ನಾನು ನೀರು ಹಾಕಿಲ್ಲ. ನೀವು ನೋಡಿದೀರಲ್ಲ, ಗೆರೆ ಎಲ್ಲಾ ಹಾಕಿದ್ನಲ್ಲ. ನೀವು ಬಂದು ಹೇಳಿ. ನೀವು ಹೇಳಿದ್ರೆ ಅವರು ನಂಬ್ತಾರೆ.’ ನಾನು ಏನು ಹೇಳಿದೆ ಗೊತ್ತೆ, ಮಗಳೇ? ‘ಇನ್ನಷ್ಟು ಜಾಗರೂಕಳಾಗಿ ಇರಬೇಕಾಗಿತ್ತು’ ಎಂದೆ. ಅವಳು ನನ್ನ ಮುಖ ನೋಡಿದಳು. ಚೀಲ ಹೊತ್ತ ಹಾಗೆಯೇ ಕೋಣೆಗೆ ಹೋದಳು. ಅಂದಿನಿಂದ ಹದಿನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಆ ನಡುವೆ, ಆಗಸ್ಟ್ ೨೫ರಂದು, ನಿನಗೆ ‘ಶಾಲೆಯಲ್ಲಿ ಎಲ್ಲವೂ ಕ್ಷೇಮ’ ಎಂದು ಎರಡು ಪುಟ ಬರೆದೆ. ಅದರಲ್ಲಿ ಒಂದೂ ಅಕ್ಷರದೋಷವಿಲ್ಲ, ಬೇಕಾದರೆ ನೋಡು.

ಸೆಪ್ಟೆಂಬರ್ ೨ರಂದು ಶಾಲೆಯಲ್ಲಿ ಮತ್ತೆ ಒತ್ತಡ ಅಳೆದರು. ಹಿಂದಿಗಿಂತ ಏರಿತ್ತು. ಸಂಶೋಧಕಿ ಇನ್ನೊಂದು ಡಬ್ಬಿ ಕೊಡಲು ಹೋದರೆ ಅಲ್ಪು ಕೈ ಹಿಂದೆ ಕಟ್ಟಿಕೊಂಡಳಂತೆ. ಮನೆಗೆ ಬಂದು, ‘ಕಳ್ಳಿ ಅನ್ನಿಸ್ಕೊಂಡ ಮೇಲೆ ಇನ್ನೊಂದು ಸಲ ಯಾಕೆ ಕೊಡಲಿ? ಸತ್ರೂ ಕೊಡಲ್ಲ’ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, ‘ತಲೆ ಸಿಡೀತಿದೆ ತಾತಾ, ದೀಪ ಆರಿಸ್ತೀನಿ’ ಎಂದಳು. ಜೂನ್ ತಿಂಗಳಲ್ಲಿ ಮೊದಲ ಸಲ ಅವಳು ಹಾಗೆಂದಾಗ, ‘ಸಿಡಿಯುವುದು ಬಂಡೆ, ತಲೆ ನೋಯುತ್ತದೆ’ ಎಂದು ತಿದ್ದಿದ್ದೆ. ಇದೇ ಮಾತನ್ನು ಇದೇ ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆಯೇ ತಿದ್ದಿದ್ದೆ. ಅದನ್ನು ಇಲ್ಲಿ ಬರೆಯಲಾರೆ, ಮುಂದೆ ಧೈರ್ಯ ಬಂದರೆ ನೋಡೋಣ.

ಮರುದಿನ ಆಸ್ಪತ್ರೆಗೆ ಹೋದೆ. ಆಕೆಯ ಕೋಣೆ ಮೂರನೆಯ ಅಂತಸ್ತಿನಲ್ಲಿದೆ. ಗೋಡೆಯುದ್ದಕ್ಕೂ ಶೀತಪೆಟ್ಟಿಗೆಗಳು, ಒಂದರ ಮೇಲೆ ‘ಇದರಲ್ಲಿ ಊಟ ಇಡಬೇಡಿ’ ಎಂದು ಯಾರೋ ಕಳಕಳಿಯಿಂದ ಬರೆದು ಅಂಟಿಸಿದ್ದರು. ದಾರಿಯುದ್ದಕ್ಕೂ ಒಂದು ಸುದೀರ್ಘ ವಾಕ್ಯವನ್ನು ಕಟ್ಟಿಕೊಂಡು ಹೋಗಿದ್ದೆ, ಕರ್ತೃ ಕರ್ಮ ಕ್ರಿಯಾಪದಗಳೆಲ್ಲ ಒಪ್ಪವಾಗಿ. ಆಕೆ ಎದ್ದು, ‘ಅಯ್ಯೋ, ಮೆಟ್ಟಿಲು ಹತ್ತಿ ಬಂದ್ರಾ ಸರ್? ಫೋನ್ ಮಾಡಿದ್ರೆ ಸಾಕಿತ್ತಲ್ಲ’ ಎನ್ನುತ್ತಲೇ ವಾಕ್ಯ ಉದುರಿಹೋಯಿತು. ‘ನೀರು ಹಾಕಿದ್ದು ನಾನು. ಮಗುವಲ್ಲ’ ಎಂದೆ. ಅಷ್ಟೇ ಬಂದದ್ದು. ಆಕೆ ಕುರ್ಚಿ ಎಳೆದು ಕೂರಿಸಿದರು. ಬಯ್ಯಲಿಲ್ಲ. ಬದಲಿಗೆ ಕಪಾಟಿನಿಂದ ಹನ್ನೊಂದು ಹಾಳೆ ತೆಗೆದು ಮುಂದಿಟ್ಟರು. ಹನ್ನೊಂದು ಮಕ್ಕಳ ಸಂಗ್ರಹ ಬೇರೆ ರೀತಿಯಲ್ಲಿ ಕೆಟ್ಟಿತ್ತು. ‘ಹೇಳಬಾರದು ಅಂದ್ಕೊಂಡಿದ್ದೆ ಸರ್. ಒಬ್ಬ ಬಂದು, ವರ್ಜಿಸಿ ಅಂದ್ರೆ ಅರ್ಜಿ ಹಾಕೋದಾ, ಯಾರಿಗೆ ಹಾಕ್ಬೇಕು ಅಂತ ಕೇಳಿದ. ಇನ್ನೊಬ್ಬಳು ಅವರಮ್ಮನ್ನ ಕೇಳಿದ್ಳಂತೆ. ಅಮ್ಮ, ಇಷ್ಟು ದೊಡ್ಡ ಮಾತು ಅಂದ್ರೆ ಏನೋ ಒಳ್ಳೇದೇ ಇರಬೇಕು, ಅದನ್ನೇ ಮೊದಲು ಹಾಕು ಅಂದ್ರಂತೆ’ ಎಂದು ನಗು ತಡೆಯಲು ಪ್ರಯತ್ನಿಸಿ ಸೋತರು. ನನಗೇಕೆ ಆಗಲೇ ತಿಳಿಸಲಿಲ್ಲ ಎಂದು ಕೇಳಿದೆ. ನಗು ನಿಂತಿತು. ‘ನಿಮಗೆ ಹೇಗೆ ಹೇಳೋದು ಸರ್?’ ಎಂದರು. ಜೀವಮಾನದಲ್ಲಿ ನನ್ನ ಬಗ್ಗೆ ಇಷ್ಟು ಸಂಕ್ಷಿಪ್ತವಾದ, ಇಷ್ಟು ನಿರ್ದುಷ್ಟವಾದ ವಾಕ್ಯವನ್ನು ಯಾರೂ ಆಡಿರಲಿಲ್ಲ.

ಅಂದು ಸಂಜೆ ಅಲ್ಪು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪು ಸವರುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. ‘ಹದಿನಾಲ್ಕು ದಿನ’ ಎಂದಳು, ಎಣಿಸಿಟ್ಟುಕೊಂಡವಳ ಹಾಗೆ. ಆಮೇಲೆ, ‘ನೀವು ತಿದ್ದೋದು ನನ್ನ ಒತ್ತಕ್ಷರ ಮಾತ್ರಾನಾ ತಾತಾ?’ ಎಂದಳು. ಎರಡು ದಿನ ಮಾತಿಲ್ಲ. ತಟ್ಟೆ ಇಡುವಾಗ ಮಾತ್ರ ಟಣ್ಣೆನಿಸುತ್ತಿದ್ದಳು. ಮೂರನೆಯ ದಿನ, ಶುಕ್ರವಾರ ಬೆಳಗ್ಗೆ, ಒಂದು ಚೀಟಿಯನ್ನು ನನ್ನ ಕನ್ನಡಕದ ಕೆಳಗೆ ಇಟ್ಟು ಹೋಗಿದ್ದಳು. ಡಬ್ಬಿ ಮತ್ತೆ ತುಂಬಿಸಿಕೊಡಬೇಕಾದರೆ ಮೂರು ಷರತ್ತು: ಹಾಳೆಯಲ್ಲಿ ‘ಚೆಲ್ಲಿ’ಯನ್ನು ತಾತನೇ ವಾಪಸು ಬರೆಯಬೇಕು, ತರಗತಿಗೆ ಬಂದು ಎಲ್ಲರ ಮುಂದೆ ಹೇಳಬೇಕು, ಅಮ್ಮನಿಗೆ ಎಲ್ಲ ಬರೆಯಬೇಕು. ಕೊನೆಯಲ್ಲಿ ‘ಪೂರೈಸತಕ್ಕದ್ದು’ ಎಂದು ಬರೆದು ಅಡಿಗೆರೆ ಎಳೆದಿದ್ದಳು. ಚೀಟಿಯಲ್ಲಿ ಎರಡು ತಪ್ಪಿದ್ದವು. ಮುಟ್ಟಲಿಲ್ಲ.

ಅಂದೇ ಶಾಲೆಗೆ ಹೋದೆ. ನಲವತ್ತು ಮಕ್ಕಳ ಮುಂದೆ, ಸೀಮೆಸುಣ್ಣದ ಧೂಳಿನ ಹಲಗೆಯ ಪಕ್ಕ ನಿಂತು, ‘ಮೊದಲ ಸಲದ್ದು ಚೆಲ್ಲಿ’ ಎಂದು ಓದಿದೆ. ಹಿಂದಿನ ಬೆಂಚಿನಿಂದ ಒಬ್ಬ, ‘ಓಹ್, ಇದೇನಾ!’ ಎಂದ. ಎಲ್ಲರೂ ನಕ್ಕರು. ಅವರು ನಗುತ್ತಿರುವಾಗಲೇ ಹೇಳಿದೆ: ಇವಳ ಡಬ್ಬಿಗೆ ನೀರು ಹಾಕಿದ್ದು ನಾನು, ಇವಳಲ್ಲ, ಇವಳಿಗೆ ಗೊತ್ತೂ ಇರಲಿಲ್ಲ, ಗೊತ್ತಿದ್ದ ನಾನು ಸುಮ್ಮನಿದ್ದೆ. ನಗು ನಿಂತಿತು. ಆಗ ಯಾವಳೋ ಒಬ್ಬಳು ಮೆಲ್ಲಗೆ, ‘ಹಾಲಿನ ತಾತ’ ಎಂದಳು, ಮತ್ತೆ ನಗು ಎದ್ದಿತು. ಆ ಹೆಸರು ನಿಂತಿದೆ. ಬಸ್ ನಿಲ್ದಾಣದಲ್ಲಿ ಮೊನ್ನೆ ಯಾರೋ ಹಾಗೆಯೇ ಕರೆದು ಸೀಟು ಬಿಟ್ಟುಕೊಟ್ಟರು. ಅಲ್ಪು ಅಂದು ಮನೆಗೆ ಬರುವಾಗ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು, ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಮಾತ್ರ, ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಬಗ್ಗಿ, ನಾನು ಬರುವವರೆಗೂ ಅಲ್ಲೇ ಇದ್ದಳು.

ಸೆಪ್ಟೆಂಬರ್ ೮ರಂದು ಮತ್ತೆ ಸಂಗ್ರಹಿಸಿದಳು. ಅಂದು ನಾನು ಬಚ್ಚಲಿನ ಹೊರಗೆ ಕಾವಲಿದ್ದೆ. ಬಂದವರಿಗೆಲ್ಲ ಡಬ್ಬಿ ಇದೆ, ಮುಟ್ಟಬೇಡಿ, ಅದು ಮೂತ್ರ ಎಂದು ಬಾಗಿಲಲ್ಲೇ ಹೇಳಿದೆ. ಮೊನ್ನೆ, ಮಂಗಳವಾರ, ಸಂಶೋಧಕಿ ವರದಿಯೊಂದಿಗೆ ತಾವೇ ಬಂದರು. ಉಪ್ಪು ಬಹಳ ಹೆಚ್ಚು. ಪ್ರೋಟೀನು ಮಿತಿ ಮೀರಿದೆ, ಸ್ವಲ್ಪ. ‘ಹೆದರೋ ಅಂಥದ್ದಲ್ಲ ಸರ್, ಬಿಟ್ಟುಬಿಡೋ ಅಂಥದ್ದೂ ಅಲ್ಲ. ಬೇಗ ಗೊತ್ತಾದ್ರೆ ಹಿಡಿದು ನಿಲ್ಲಿಸಬಹುದು’ ಎಂದರು. ಎರಡು ತಿಂಗಳು ಮುಂಚೆ ಗೊತ್ತಾಗಬಹುದಿತ್ತು ಎಂಬುದನ್ನು ಆಕೆ ಹೇಳಲಿಲ್ಲ; ನಾನು ಹೇಳುತ್ತಿದ್ದೇನೆ. ಮಕ್ಕಳ ಮೂತ್ರಪಿಂಡದ ವೈದ್ಯರು ಅಕ್ಟೋಬರ್ ೧೦ಕ್ಕೆ ಕರೆದಿದ್ದಾರೆ. ತಂದೆ ತಾಯಿಯರಲ್ಲಿ ಒಬ್ಬರು ಜೊತೆಗಿರಲಿ ಎಂದಿದ್ದಾರೆ. ನೀನು ಸಹಿ ಮಾಡಿ ಒಪ್ಪಿಕೊಂಡಿದ್ದೀಯೆಂದು ಬಲ್ಲೆ. ನನ್ನ ಒಂದು ಪದವನ್ನು ನಂಬಿ ಸಹಿ ಮಾಡಿದೆ ಎಂಬುದನ್ನೂ ಬಲ್ಲೆ. ನಿನ್ನ ಮೇಲಧಿಕಾರಿಗಳಿಗೆ ಬೇಕಾದರೆ ಈ ಪತ್ರವನ್ನೇ ತೋರಿಸು. ಅಳಿಯಂದಿರಿಗೂ ಓದಿ ಹೇಳು. ಅವರು ನಕ್ಕರೆ ನಗಲಿ, ಸಿಟ್ಟಾದರೆ ನ್ಯಾಯವೇ. ಅಲ್ಪು ಈಗ ಸೌತೆಕಾಯಿಯನ್ನು ಸಪ್ಪಗೆ ತಿನ್ನುತ್ತಾಳೆ, ಜೊತೆಗೆ ನಾನೂ. ‘ಗೋಡೆ ನೆಕ್ಕಿದ ಹಾಗಿದೆ’ ಎನ್ನುತ್ತಾಳೆ. ತಿದ್ದುವಂಥದ್ದು ಆ ವಾಕ್ಯದಲ್ಲಿ ಏನೂ ಇಲ್ಲ.

ಪುಸ್ತಕ ಅಚ್ಚಾದ ಮೇಲೆ ಕಂಡ ತಪ್ಪುಗಳ ಚೀಟಿಯನ್ನು ಕೊನೆಯ ಪುಟಕ್ಕೆ ಅಂಟಿಸುತ್ತೇವಲ್ಲ, ಅದಕ್ಕೆ ಹಿಂದಿನವರು ಒಪ್ಪೋಲೆ ಎನ್ನುತ್ತಿದ್ದರು. ತಪ್ಪಿಗೆ ಒಪ್ಪು ತೋರಿಸುವ ಓಲೆ ಎಂದು ಇಷ್ಟು ವರ್ಷ ಅರ್ಥ ಹೇಳಿಕೊಂಡು ಬಂದೆ. ತಪ್ಪನ್ನು ಒಪ್ಪಿಕೊಳ್ಳುವ ಓಲೆ ಎಂದೂ ಆಗುತ್ತದೆಂದು ಈಗ ಹೊಳೆಯಿತು. ನನ್ನ ಹಿಂದಿನ ಪತ್ರಗಳಿಗೆ ಅಂಥದ್ದೊಂದನ್ನು ಕೆಳಗೆ ಲಗತ್ತಿಸಿದ್ದೇನೆ.

ನಿಮ್ಮಿಬ್ಬರ ಎದೆಗೆ ಧೂಳು ತಾಗದಿರಲಿ, ಎರಡು ಕಡೆಯ ಸುರಂಗ ನಡುವೆ ನೇರವಾಗಿ ಸೇರಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತು ಬಿಟ್ಟದ್ದು: ಮರೆತದ್ದಲ್ಲ, ಬಿಟ್ಟದ್ದು. ಅಂಚೆಯವರು ಕೆಳಗೆ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಾರೆ, ಇದನ್ನು ತಿದ್ದದೆ ಕಳಿಸುತ್ತೇನೆ. ಅರ್ಜಿಯಲ್ಲಿ ‘ಮನೆಯಲ್ಲಿ ಯಾರಿಗಾದರೂ ರಕ್ತದೊತ್ತಡ ಇತ್ತೆ?’ ಎಂದಿತ್ತು. ಇಲ್ಲ ಎಂದು ಬರೆದಿದ್ದೆ. ನಿನ್ನ ಅಮ್ಮನಿಗೆ ಇತ್ತು. ಅದು ಒಂದೇ ದಿನದಲ್ಲಿ ಬಂದು ಅವಳನ್ನು ಒಯ್ದದ್ದಲ್ಲ. ವೈದ್ಯರು ಮುಂಚೆಯೇ ಹೇಳಿದ್ದರು, ಮೂತ್ರಪಿಂಡಕ್ಕೂ ಇಳಿದಿದೆ ಎಂದಿದ್ದರು. ನೀನು ಆಗ ಮೊದಲ ಕೆಲಸಕ್ಕೆ ಸೇರಿದ್ದೆ. ‘ಮಗಳಿಗೆ ಬರೆಯೋಣ ಕಣ್ರೀ’ ಅಂದಳು. ಬೇಡ ಅಂದವನು ನಾನು. ತಲೆ ಸಿಡೀತಿದೆ ಅಂದಾಗ ತಿದ್ದಿದವನೂ ನಾನೇ. ಇದು ವಂಶದಲ್ಲಿ ಇಳಿಯಬಹುದಂತೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದಿರಬಹುದಾದರೆ ನಡುವೆ ನೀನಿದ್ದೀಯ. ಶಿಬಿರದ ಔಷಧಾಲಯದಲ್ಲಿ ಅಳೆಯುವ ಪಟ್ಟಿ ಇದ್ದೇ ಇರುತ್ತದೆ. ಈ ಕಾಗದ ಕೈಗೆ ಬಂದ ದಿನವೇ ತೋಳು ಕೊಡು, ಮೂತ್ರವನ್ನೂ ನೋಡಿಸು, ಬಂದ ಅಂಕಿಯನ್ನು ಹಾಗೆಯೇ ಬರೆ. ನನ್ನ ಹಾಗೆ ಬರೆಯಬೇಡ.

ಒಪ್ಪೋಲೆ

ಜುಲೈ ೨೮ರ ಪತ್ರ, ಪುಟ ೨: ‘ಜುಲೈ ೧೪ರಂದು ಸಂಗ್ರಹ ಪೂರ್ಣವಾಯಿತು.’ ಸರಿಯಾದದ್ದು: ಜುಲೈ ೧೪ರಂದು ಚೆಲ್ಲಿತು. ಪೂರ್ಣವಾದದ್ದು ಸೆಪ್ಟೆಂಬರ್ ೯ರಂದು.

ಆಗಸ್ಟ್ ೨೫ರ ಪತ್ರ, ಪುಟ ೧: ‘ಅಲ್ಪುವಿಗೆ ನಿನ್ನೆ, ಆಗಸ್ಟ್ ೨೪ರಂದು, ಬಿಸಿಲಿಗೆ ತುಸು ತಲೆನೋವು.’ ಸರಿಯಾದದ್ದು: ಜೂನ್ ೯ರಿಂದ. ಬಿಸಿಲಿಗಲ್ಲ.

ಅದೇ ಪತ್ರ, ಪುಟ ೨: ‘ಈ ತಿಂಗಳು ಶಾಲೆಯಲ್ಲಿ ಎಲ್ಲವೂ ಕ್ಷೇಮ.’ ಸರಿಯಾದದ್ದು: ಆಗಸ್ಟ್ ೨೦ರಿಂದ ಸೆಪ್ಟೆಂಬರ್ ೬ರವರೆಗೆ ಶಾಲೆಯಲ್ಲಿ ಅವಳು ನೀರಮ್ಮ.

ಅದೇ ಪತ್ರ, ಅದೇ ಪುಟ: ‘ಮಾರ್ಚ್ ೩೧ರವರೆಗೆ ನೀನು ಬರುವ ಅಗತ್ಯವಿಲ್ಲ.’ ಸರಿಯಾದದ್ದು: ಅಕ್ಟೋಬರ್ ೧೦, ಬೆಳಗ್ಗೆ ಹತ್ತು ಗಂಟೆ.

ಹನ್ನೊಂದು ವರ್ಷದ ಹಿಂದಿನ ನನ್ನ ತಂತಿ: ‘ಅಮ್ಮ ನವೆಂಬರ್ ೩ರಂದು ಅಕಸ್ಮಾತ್ತಾಗಿ ತೀರಿಕೊಂಡಳು.’ ಸರಿಯಾದದ್ದು: ಅಕಸ್ಮಾತ್ತಲ್ಲ. ಕಾಯಿಲೆ ಅದಕ್ಕೂ ಹಿಂದಿನ ವರ್ಷ, ಫೆಬ್ರವರಿ ೧೨ರಿಂದ.